ಸತ್ತ ಸವಾರನ ಕುದುರೆ

ಬೋನಾಳ
18 ಜೂನ್ 2024

ಸಂಗಣ್ಣನಿಗೆ ಅವ್ವ ಬರೆಯುವುದು.

ಆಶೀರ್ವಾದ ಆಮೇಲೆ, ಮೊದಲು ಜಗಳ. ನಾನು ಪತ್ರ ಹಾಕಿದರೆ ನೀನು ಜೈಲಿನ ಫೋನಿನಿಂದ ಮಾತಾಡುತ್ತೀಯ. ನನ್ನ ಕಿವಿ ಮೊದಲಿನಂತಿಲ್ಲ. ಫೋನಿನಲ್ಲಿ ನಿನ್ನ ಹಿಂದೆ ನಿಂತವರ ಗದ್ದಲವೇ ಕೇಳುತ್ತದೆ, ನಿನ್ನ ಮಾತು ಕೇಳುವುದಿಲ್ಲ. ಕಲಬುರಗಿಯಿಂದ ಪತ್ರ ಬರಲು ವಾರ ಹಿಡಿದರೂ ಹಿಡಿಯಲಿ. ಪತ್ರವಾದರೆ ಬೇಕಾದಷ್ಟು ಸಲ ಓದಬಹುದು, ಮಡಿಚಿ ದಿಂಬಿನ ಕೆಳಗೂ ಇಟ್ಟುಕೊಳ್ಳಬಹುದು.

ವಿಷಯ ಇಷ್ಟು. ಈ ಶ್ರಾವಣಕ್ಕೆ ಕಟ್ಟೆಯ ಓದು ಮತ್ತೆ ಹಚ್ಚಬೇಕೆಂದು ಮಾಡಿದ್ದೇನೆ. ನಿಮ್ಮಪ್ಪ ಇದ್ದಾಗ ಪ್ರತಿ ಶ್ರಾವಣ ಬೇವಿನ ಗಿಡದ ಕಟ್ಟೆಯ ಮೇಲೆ ಪುರಾಣ ಓದುತ್ತಿದ್ದರು. ಅವರು ಹೋದ ಮೇಲೆ ನೀನು ಓದಲು ಕೂತೆ. ಪುರಾಣ ಬಿಟ್ಟು ರಾಜರ ಕಾಲದ ಕಾದಂಬರಿ ಓದುತ್ತೇನೆಂದಾಗ ಕಿರಾಣಿ ಅಂಗಡಿಯ ಸೂಗಪ್ಪ ಎಷ್ಟು ಹಾರಾಡಿದ್ದ, ನೆನಪಿದೆಯೇ? ಮೂರನೇ ದಿನಕ್ಕೆ ಅವನೇ ಅಂಗಡಿ ಬೇಗ ಮುಚ್ಚಿ ಮುಂದಿನ ಸಾಲಿಗೆ ಬಂದು ಕೂತ. ನೀನು ಹೋದ ಮೇಲೆ ಎರಡು ಶ್ರಾವಣ ಕಟ್ಟೆ ಬರಿದಾಗಿತ್ತು. ಸಂಜೆ ಹೊತ್ತು ಅಲ್ಲಿ ಹಾದು ಹೋಗಲು ನನ್ನಿಂದ ಆಗುವುದಿಲ್ಲ. ಅಂಗನವಾಡಿಯಲ್ಲಿ ಇಡೀ ನೌಕರಿ ಮಕ್ಕಳಿಗೆ ಕಥೆ ಹೇಳಿ ಮುಗಿಸಿದವಳು ನಾನು. ಗಂಟಲು ಇನ್ನೂ ಗಟ್ಟಿಯಿದೆ. ಓದುತ್ತೇನೆ.

ಆದರೆ ಯಾವುದನ್ನು? ಸುರಪುರದ ಲೈಬ್ರರಿಗೆ ಹೋಗಿ ಕಪಾಟಿನ ಮುಂದೆ ನಿಂತು ಬಂದೆ. ಐತಿಹಾಸಿಕ ಕಾದಂಬರಿ ಎಂದರೆ ಒಂದು ಗೋಡೆಯ ಉದ್ದಕ್ಕೂ ಇವೆ. ಓದಲು ಯೋಗ್ಯ ಯಾವುದು ಎಂದು ಕೇಳಿದರೆ ಆ ಹುಡುಗಿ ದಪ್ಪಗಿದ್ದದ್ದನ್ನೆಲ್ಲ ತೋರಿಸಿದಳು. ಊರಿಗೆ ಬಂದು ಕೇಳಿದರೆ ಬಾಯಿಗೊಂದು ಮಾತು.

ಸೂಗಪ್ಪ ಅಂದ, "ರಾಜಾ ಸೋಲೂ ಪುಸ್ತಕ ತರಬ್ಯಾಡ್ರಿ ಟೀಚರ್ರ. ದಿನಾ ನಾವ ಸೋತು ಬಂದಿರ್ತೀವಿ, ಕಟ್ಟಿಗಿ ಬಂದು ಅವನ ಸೋಲೂ ಕೇಳಬೇಕೇನು?"

ಟೇಲರ್ ಖಾಜಾಮಿಯಾ ಅಂದ, "ಜಾಸೂಸ್ ಇರಬೇಕ್ರಿ, ಗೂಢಚಾರ. ಜಾಸೂಸ್ ಇಲ್ದಿದ್ದ ರಾಜನ ಕತಿ ಉಪ್ಪಿಲ್ದಿದ್ದ ಸಾರು."

ನೀನು ಹೇಳು. ಅಲ್ಲಿಯೂ ಓದಿ ಹೇಳುತ್ತೀಯಂತಲ್ಲ, ಶಿವರಾಜ ಭೇಟಿಗೆ ಬಂದಾಗ ಹೇಳಿದ್ದೆಯಂತೆ. ನಿಮ್ಮಣ್ಣ ಆ ಮಾತು ಹೇಳುವಾಗ ಎರಡು ವರ್ಷದಲ್ಲಿ ಮೊದಲ ಸಲ ನಿನ್ನ ಬಗ್ಗೆ ನಗುತ್ತ ಮಾತಾಡಿದ.

ಕಾರಹುಣ್ಣಿಮೆ ಹತ್ತಿರ ಬಂತು. ಶಿವರಾಜ ಎತ್ತುಗಳ ಕೊಂಬಿಗೆ ಬಣ್ಣ ತಂದಿದ್ದಾನೆ. ಊಟ ಬಿಡಬೇಡ.

ಹಾರೈಸುವ ಅವ್ವ,
ಮೌನಮ್ಮ

*

ಕಲಬುರಗಿ
2 ಜುಲೈ 2024

ಅವ್ವ,

ಜಗಳ ಒಪ್ಪಿದೆ. ಇನ್ನು ಮೇಲೆ ಪತ್ರವನ್ನೇ ಬರೆಯುತ್ತೇನೆ.

ಇಲ್ಲಿನ ಕಪಾಟಿನಲ್ಲಿ ಐತಿಹಾಸಿಕ ಕಾದಂಬರಿಗಳು ಸಾಕಷ್ಟಿವೆ. ಸಂಜೆ ಬರಾಕಿಗೆ ಬೀಗ ಬಿದ್ದ ಮೇಲೆ ಓದುತ್ತೇನೆ. ಮೊದಲು ಇಬ್ಬರೇ ಕೇಳುತ್ತಿದ್ದರು, ಈಗ ಎಲ್ಲರೂ ಕೇಳುತ್ತಾರೆ. ನಮ್ಮ ಕಟ್ಟೆಯವರ ಹಾಗೆಯೇ, ಪುಸ್ತಕದ ಹೆಸರು ಯಾರಿಗೂ ಬೇಡ. ಆನೆ ಸಾಯುವುದು ಆನೆ ಪುಸ್ತಕ, ರಾಣಿ ಕುದುರೆ ಹತ್ತುವುದು ರಾಣಿ ಪುಸ್ತಕ.

ಇಲ್ಲಿ ಶರೀಫಸಾಬ ಎಂಬ ಮುದುಕರಿದ್ದಾರೆ. ಬಹಳ ವರ್ಷದಿಂದ ಇದ್ದಾರೆ, ಹೊರಗೆ ಹೋಗುವ ಮಾತು ಆಡುವುದಿಲ್ಲ. ಅವರ ಅಭಿಪ್ರಾಯ ಕೇಳು: "ಈ ರಾಜರೆಲ್ಲಾ ನೀರು ಕೇಳಾಕೂ ನಾಟಕದ ಮಾತ ಆಡ್ತಾರಲ್ಲೋ. ಹೇಂತಿ ಮುಂದನೂ ಹಿಂಗ ಮಾತಾಡಿದ್ರ ಮಕ್ಕಳು ಹೆಂಗ ಆದ್ವು?" ಇನ್ನೊಬ್ಬನಿಗೆ ಸುರಂಗ ಇರುವ ಪುಸ್ತಕ ಮಾತ್ರ ಬೇಕು. ಕೋಟೆಯಿಂದ ಸುರಂಗ ಎಲ್ಲಿಗೆ ಹೋಗುತ್ತದೆಂದು ಎರಡೆರಡು ಸಲ ಓದಿಸುತ್ತಾನೆ. ಹೊರಗೆ ನಿಂತು ಕೇಳುವ ಕಾವಲಿನವರೂ ನಗುತ್ತಾರೆ.

ನನ್ನನ್ನು ಕೇಳಿದರೆ, ಕೋಟೆ ಪುಸ್ತಕ ತೆಗೆದುಕೋ. ಎರಡು ಹೊಳೆಗಳ ನಡುವಿನ ಸಣ್ಣ ಕೋಟೆಯೊಂದನ್ನು ದೊಡ್ಡ ಸೈನ್ಯ ಬಂದು ಮುತ್ತುತ್ತದಲ್ಲ, ಅದು. ನೀಲಿ ರಟ್ಟು. ಸುರಪುರದಲ್ಲಿ ಇರಲೇಬೇಕು. ರಾಜ ಸೋಲುತ್ತಾನೆ, ಸೂಗಪ್ಪ ಕಾಕನಿಗೆ ಮೊದಲೇ ಹೇಳಬೇಡ. ಇಲ್ಲಿಯೂ ಅದನ್ನೇ ಓದಲು ಶುರುಮಾಡುತ್ತೇನೆ. ನೀನು ಓದುವ ಅಧ್ಯಾಯವನ್ನೇ ಅವತ್ತು ನಾನೂ ಓದುತ್ತೇನೆ.

ಇನ್ನೊಂದು ಮಾತು. ಪೆರೋಲಿಗೆ ಅರ್ಜಿ ಹಾಕಿದ್ದೇನೆ. ಸಿಕ್ಕರೆ ಶ್ರಾವಣದ ಕೊನೆಯ ಸೋಮವಾರ, ಓದಿನ ಮಂಗಲದ ದಿನ, ಊರಲ್ಲಿರುತ್ತೇನೆ. ಪೊಲೀಸರು ಊರಿಗೆ ಬಂದು ವಿಚಾರಿಸುತ್ತಾರಂತೆ. ಆ ಮನೆಯಲ್ಲಿಯೂ ಕೇಳುತ್ತಾರಂತೆ. ಅವರು ಬೇಡ ಎಂದರೆ ಆಗಲಿಕ್ಕಿಲ್ಲ.

ನೀನು ಒಂದು ಮಾತು ಕೇಳಿ ನೋಡುತ್ತೀಯೇನು?

ನಿನ್ನ ಮಗ,
ಸಂಗಣ್ಣ

*

ಬೋನಾಳ
20 ಜುಲೈ 2024

ಸಂಗಣ್ಣ,

ನಿನ್ನ ಪತ್ರದ ಕೊನೆಯ ಸಾಲಿಗೆ ಉತ್ತರ ಬರೆಯಲಾಗದೆ ಇಷ್ಟು ದಿನ ಸುಮ್ಮನಿದ್ದೆ.

ಕೇಳುವುದಿಲ್ಲ. ನಿನ್ನನ್ನು ನೋಡಬೇಕೆಂದು ಜೀವ ಹಪಹಪಿಸುತ್ತದೆ, ಆದರೂ ಕೇಳುವುದಿಲ್ಲ. ಶಂಕ್ರಮ್ಮನ ಮಗ ನಿನ್ನ ಕೈಯಿಂದ ಸತ್ತಿದ್ದಾನೆ. ಕೊಲ್ಲಬೇಕೆಂದು ಮಾಡಲಿಲ್ಲ, ಅವನ ಕುರಿ ನಮ್ಮ ಗದ್ದೆಗೆ ಬಿದ್ದವೆಂದು ಬಾಯಿಗೆ ಬಾಯಿ ಹತ್ತಿ ನೂಕಿದೆ ಎಂದು ಕೋರ್ಟೂ ಒಪ್ಪಿತು. ಕೋರ್ಟಿನ ಮಾತು ಕೋರ್ಟಿಗೆ. ಅವಳ ಬಾಗಿಲಿಗೆ ಹೋಗಿ, ನನ್ನ ಮಗನನ್ನು ಹಬ್ಬಕ್ಕೆ ಕರೆಯುತ್ತೇನೆ, ನಿನ್ನದೇನು ಅಡ್ಡಿಯಿಲ್ಲವಲ್ಲ ಎಂದು ಯಾವ ಬಾಯಿಂದ ಕೇಳಲಿ? ನಾವಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಈಗ ನಾನು ನೀರು ತುಂಬಿಕೊಂಡು ಹೋದ ಮೇಲೆ ಅವಳು ಬರುತ್ತಾಳೆ, ಅವಳ ಹೊತ್ತು ತಪ್ಪಿಸಿ ನಾನು ಹೋಗುತ್ತೇನೆ.

ಓದು ಹಚ್ಚುವುದಕ್ಕೂ ಅವಳದೇ ಅಡ್ಡಿ. ಕಂಬಳಿ. ಕಟ್ಟೆಯ ಓದು ಶುರುವಾದ ದಿನದಿಂದ ಪುಸ್ತಕ ಇಡುವುದು ಅವರ ಮನೆಯ ಕರಿ ಕಂಬಳಿಯ ಮೇಲೆ. ಅವರ ಮನೆಯವರೇ ಹಾಸಬೇಕು, ಮಂಗಲದ ದಿನ ಅವರೇ ಮಡಿಚಿ ಒಯ್ಯಬೇಕು. ಸೂಗಪ್ಪ, "ಶಾಪುರದಾಗ ಒಂದು ಹೊಸಾದು ಕೊಂಡು ತರ್ತೀನ್ರಿ, ಅದಕ್ಕೇನು" ಅಂದ. ಖಾಜಾಮಿಯಾ ಅವನನ್ನು ಗದರಿದ: "ಕೊಂಡ ಕಂಬಳಿ ಹಾಸಿಗಿ ಆಗ್ತದ, ಗದ್ದಿಗಿ ಆಗೂದಿಲ್ಲ." ನನಗೂ ಹಾಗೇ ಅನಿಸಿತು. ಕಂಬಳಿ ಬಂದರೆ ಓದು, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟೆ.

ನೀಲಿ ರಟ್ಟಿನ ಪುಸ್ತಕ ತಂದಿದ್ದೇನೆ. ಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಶಿವರಾಜನ ಹೆಂಡತಿ ಅಡುಗೆ ಮನೆಯಿಂದಲೇ "ಅತ್ತೀ, ಆಮ್ಯಾಲೇನಾತ್ರಿ?" ಎಂದು ಕೂಗುತ್ತಾಳೆ. ಮೂರು ಅಧ್ಯಾಯ ಹೇಗೆ ಮುಗಿದವೋ ತಿಳಿಯಲಿಲ್ಲ. ನೀನು ಒಳ್ಳೆಯದನ್ನೇ ಆರಿಸಿದ್ದೀಯ.

ನಿನ್ನ ಅವ್ವ,
ಮೌನಮ್ಮ

*

ಕಲಬುರಗಿ
1 ಆಗಸ್ಟ್ 2024

ಅವ್ವ,

ನೀನು ಹೇಳಿದ್ದು ಸರಿ. ಕೇಳಬಾರದಿತ್ತು.

ಕಂಬಳಿ ಬರದಿದ್ದರೂ ಪುಸ್ತಕ ಮನೆಯಲ್ಲಿಯೇ ಓದು. ನಿನ್ನ ಜೊತೆಗೇ ಓದುತ್ತೇನೆಂದಿದ್ದೆ, ಇಲ್ಲಿಯವರು ಕಾಯಲು ಬಿಡಲಿಲ್ಲ, ಶುರುಮಾಡಿಯಾಗಿದೆ. ಮೊದಲ ಯುದ್ಧದ ಅಧ್ಯಾಯ ಮುಗಿದ ದಿನ ಬರಾಕಿನಲ್ಲಿ ದೊಡ್ಡ ಚರ್ಚೆಯಾಯಿತು. ಯುದ್ಧ ಚೆನ್ನಾಗಿ ಬಂದಿದೆ ಎಂದು ಕೆಲವರು, ಬರೀ ಕತ್ತಿಯ ಸದ್ದು ಎಂದು ಕೆಲವರು. ಆಗ ನಾನೊಂದು ಪ್ರಶ್ನೆ ಕೇಳಿದೆ: ಸವಾರ ಸತ್ತ, ಸರಿ. ಅವತ್ತು ಸಂಜೆ ಅವನ ಕುದುರೆಗೆ ಮೇವು ಹಾಕಿದವರು ಯಾರು? ಯಾವ ಕಾದಂಬರಿ ಬರೆದವನು ಇದನ್ನು ಹೇಳುತ್ತಾನೋ ಅವನ ಪುಸ್ತಕ ಓದಲು ಯೋಗ್ಯ, ಉಳಿದವು ರಟ್ಟಿಗೆ ಭಾರ.

ಶರೀಫಸಾಬರು ಎದ್ದು ಕೂತು, "ಮಾತಂದ್ರ ಇದು ನೋಡ್ರಿ" ಅಂದರು. ಈಗ ಪ್ರತಿ ಪುಸ್ತಕಕ್ಕೂ ಅದೇ ಪರೀಕ್ಷೆ. ಸುರಂಗದವನೂ ಅದನ್ನೇ ಕೇಳುತ್ತಾನೆ. ನನಗೆ ಇಲ್ಲಿ ಸ್ವಲ್ಪ ಮರ್ಯಾದೆ ಬಂದಂತಾಗಿದೆ.

ಪಂಚಮಿಗೆ ನೀನು ಉಂಡಿ ಕಟ್ಟುವಾಗ ನಾನಿಲ್ಲಿ ಎಳ್ಳುಂಡಿ ನೆನಪಿಸಿಕೊಳ್ಳುತ್ತೇನೆ.

ನಿನ್ನ ಮಗ,
ಸಂಗಣ್ಣ

*

ಬೋನಾಳ
10 ಆಗಸ್ಟ್ 2024

ಸಂಗಣ್ಣ, ಕಂಬಳಿ ಬಂತು!

ಮೊದಲ ಸೋಮವಾರ ಸಂಜೆ ಸುಮ್ಮನೆ ಪುಸ್ತಕ ಎದೆಗೆ ಅವುಚಿಕೊಂಡು ಕಟ್ಟೆಯ ಹತ್ತಿರ ನಿಂತಿದ್ದೆ. ಜನ ಬಂದು ಬಂದು ನಿಲ್ಲುತ್ತಿದ್ದರು, ಯಾರೂ ಕೂರುತ್ತಿರಲಿಲ್ಲ. ಶಂಕ್ರಮ್ಮ ಹಟ್ಟಿಯ ಕಡೆಯಿಂದ ನಡೆದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕಂಬಳಿ ಝಾಡಿಸಿ ಹಾಸಿದಳು, ಅಂಚು ಎಳೆದು ಸರಿ ಮಾಡಿದಳು, ಹೋಗಿ ದೂರ ಬೇವಿನ ಬುಡಕ್ಕೆ ಕೂತಳು. ನಾನು ಪುಸ್ತಕ ಕಂಬಳಿಯ ಮೇಲಿಟ್ಟು ಅವಳನ್ನೇ ನೋಡುತ್ತ ಕೂತೆ, ಮೊದಲ ಪುಟ ತೆರೆಯಲೂ ಮರೆತೆ. ಖಾಜಾಮಿಯಾ ಬಂದು ತೆರೆದುಕೊಟ್ಟ.

ಮೂರು ದಿನ ಅವಳು ಬಂದು ಕೇಳಿ ಹೋದಳು. ನಾಲ್ಕನೆಯ ದಿನ ಯುದ್ಧದ ಅಧ್ಯಾಯ. "ಅಂದು ಸಾವಿರ ಯೋಧರು ಧರಾಶಾಯಿಗಳಾದರು" ಎಂದು ಓದಿದೆ. ಸೂಗಪ್ಪ ತೊಡೆ ತಟ್ಟಿ, "ಅಗದಿ ಛಲೋ ಬರದಾನ" ಅಂದ.

ಬೇವಿನ ಬುಡದಿಂದ ಅವಳ ದನಿ ಬಂತು. "ಏನ ಛಲೋ ಬರದಾನ? ಸಾವಿರ ಮಂದೀನ ಒಂದ ಸಾಲಿನ್ಯಾಗ ಕೊಂದು ಮುಗಿಸ್ಯಾನ. ಅವರಿಗಿ ಹೆಸರು ಇರಲಿಲ್ಲೇನು? ಅವರಿಗಿ ಅವ್ವ ಇರಲಿಲ್ಲೇನು?"

ಸೂಗಪ್ಪ, "ಸಾವಿರ ಹೆಸರು ಬರಿಯಾಕ ಆಗ್ತದೇನಬೇ?" ಅಂದ.

"ಒಂದರ ಬರೀಲಿ" ಅಂದಳು.

ನಾನು ಪುಟ ತಿರುವಿದೆ. ನಿನಗೆ ಗೊತ್ತಲ್ಲ ಕಟ್ಟೆಯ ನೇಮ, ಸಾವಿನ ಅಧ್ಯಾಯ ಬಂದ ದಿನ ಸಾವಿನಲ್ಲಿ ನಿಲ್ಲಿಸಬಾರದು. ಮುಂದೆ ಒಲೆ ಹೊತ್ತುವ ತನಕವೋ ಕೂಸು ಹುಟ್ಟುವ ತನಕವೋ ಓದಿಯೇ ಏಳಬೇಕು. ಅದಕ್ಕಾಗಿ ಇನ್ನೂ ನಾಲ್ಕು ಪುಟ ಓದಿದೆ. ಕೋಟೆಯೊಳಗೆ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಾಳಲ್ಲ, ಅಲ್ಲಿಗೆ ನಿಲ್ಲಿಸಿದೆ.

ಪಂಚಮಿಗೆ ಎಲ್ಲ ಮನೆಗೂ ಉಂಡಿ ಕೊಟ್ಟು ಕಳಿಸಿದೆ. ಅವರ ಮನೆಗೆ ಕಳಿಸಲು ಧೈರ್ಯವಾಗಲಿಲ್ಲ. ನಿನ್ನ ಎಳ್ಳುಂಡಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವಳು ಕಂಬಳಿ ತಂದಿದ್ದಾಳೆ ಎಂದರೆ, ಸಂಗಣ್ಣ, ಪೊಲೀಸರು ಕೇಳಿದಾಗಲೂ ಅವಳು ಬೇಡ ಅನ್ನಲಿಕ್ಕಿಲ್ಲ ಎಂದು ಆಸೆ ಹುಟ್ಟಿಬಿಟ್ಟಿದೆ.

ನಿನ್ನ ಅವ್ವ,
ಮೌನಮ್ಮ

*

ಬೋನಾಳ
21 ಆಗಸ್ಟ್ 2024

ಸಂಗಣ್ಣನಿಗೆ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊನ್ನೆ ಸೋಮವಾರ ಕಟ್ಟೆ ತುಂಬಿತ್ತು. ಯುದ್ಧದ ಅಧ್ಯಾಯದ ದಿನದ ಮಾತು ಇನ್ನೂ ಎಲ್ಲರ ತಲೆಯಲ್ಲಿತ್ತು. ರಾಜರ ಕಾದಂಬರಿಯಲ್ಲಿ ಓದಲು ಯೋಗ್ಯ ಯಾವುದು, ಅಯೋಗ್ಯ ಯಾವುದು ಎಂದು ಸೂಗಪ್ಪ, ಖಾಜಾಮಿಯಾ ಜಗಳಕ್ಕೆ ಬಿದ್ದಿದ್ದರು. ನನಗೆ ನಿನ್ನ ಪತ್ರ ನೆನಪಾಯಿತು. ಹೆತ್ತವಳ ಹುಚ್ಚು, ನನ್ನ ಮಗ ಎಂಥ ಮಾತು ಬರೆದಿದ್ದಾನೆ ನೋಡಿ ಎಂದು ತೋರಿಸಬೇಕೆನಿಸಿತು. ಸೆರಗಿನಿಂದ ತೆಗೆದು ಓದಿಬಿಟ್ಟೆ. ಸವಾರ ಸತ್ತ, ಸರಿ. ಅವತ್ತು ಸಂಜೆ ಅವನ ಕುದುರೆಗೆ ಮೇವು ಹಾಕಿದವರು ಯಾರು?

ಖಾಜಾಮಿಯಾ "ವಾಹ್" ಅಂದ. ಅಷ್ಟರಲ್ಲಿ ಶಂಕ್ರಮ್ಮ ಎದ್ದು ನಿಂತಿದ್ದಳು.

"ಇನ್ನೊಮ್ಮಿ ಓದು" ಅಂದಳು. ಓದಿದೆ.

"ಅದು ನಿನ್ನ ಮಗನ ಮಾತಲ್ಲ. ನನ್ನ ಬೀರಣ್ಣಂದು. ಕಟ್ಟಿ ಓದು ಮುಗಿಸಿ ಮನಿಗಿ ಬಂದು, ಕುರಿಮರಿಗಿ ಸೊಪ್ಪು ಹಾಕ್ಕೋತ ನನ್ನ ಕೇಳ್ತಿದ್ದ. ಸಂಗಣ್ಣಗ ಕೇಳಿದ್ರ ನಗ್ತಾನಬೇ, ನೀ ಹೇಳು, ಕುದರಿಗಿ ಯಾರು ಹಾಕಿದ್ರು ಅಂತಿದ್ದ. ನಿನ್ನ ಮಗ ಅವನ ಜೀವ ತಗೊಂಡ. ಮಾತೂ ತಗೊಂಡನೇನು? ಹೆಸರು ಹಿಡದು ಹೇಳಾಕ ನಾಲಿಗಿ ಸೇದಿ ಹೋಗಿತ್ತೇನು?"

ಕಟ್ಟೆಗೆ ಬಂದಳು. ಪುಸ್ತಕವನ್ನು ಎರಡೂ ಕೈಯಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟಳು. ಬಿಸಾಡಲಿಲ್ಲ. ಕಂಬಳಿ ಎಳೆದುಕೊಂಡು ಹೋದಳು. ಮಡಿಚಲಿಲ್ಲ, ನೆಲದ ಮೇಲೆ ಎಳೆಯುತ್ತಲೇ ಹೋದಳು.

ನನಗೆ ಗೊತ್ತಿರಲಿಲ್ಲ, ಮಗನೇ. ನೀವಿಬ್ಬರು ಕಟ್ಟೆಯ ಮೂಲೆಯಲ್ಲಿ ಏನು ಪಿಸುಗುಡುತ್ತಿದ್ದಿರೋ ಹೆಣ್ಣುಮಕ್ಕಳ ಕಡೆಗೆ ಕೇಳುತ್ತಿರಲಿಲ್ಲ. ಗೊತ್ತಿದ್ದರೆ ಓದುತ್ತಿದ್ದೆನೇ? ನಿನಗಂತೂ ಗೊತ್ತಿತ್ತು. ನನಗೆ ನಿನ್ನ ಮೇಲೆ ಸಿಟ್ಟಿದೆ. ಕೋರ್ಟಿನಲ್ಲಿ ನಿನಗೆ ಶಿಕ್ಷೆ ಹೇಳಿದ ದಿನವೂ ಇಷ್ಟು ಸಿಟ್ಟು ಬಂದಿರಲಿಲ್ಲ.

ನಿನ್ನೆ ಪೊಲೀಸರು ಬಂದಿದ್ದರು. ಅವಳು ಬೇಡ ಎಂದಳಂತೆ. ಒಂದೇ ಮಾತು, ಬೇಡ.

ಮೌನಮ್ಮ

*

ಕಲಬುರಗಿ
27 ಆಗಸ್ಟ್ 2024

ಅವ್ವ,

ಬೀರಣ್ಣ. ಬೀರಣ್ಣ. ಬೀರಣ್ಣ.

ಇದನ್ನು ಬರೆಯಲು ಕೂತು ನಿನ್ನೆ ಇಡೀ ದಿನ ಹೋಯಿತು. ಎರಡು ವರ್ಷದಿಂದ ಈ ಹೆಸರು ನನ್ನ ಬಾಯಿಂದ ಬಂದಿಲ್ಲ. ವಕೀಲರ ಮುಂದೆ "ಅವನು", ನಿನ್ನ ಮುಂದೆ "ಆ ಮನೆ". ಆ ಪ್ರಶ್ನೆಯನ್ನು ಬರಾಕಿನಲ್ಲಿ ಕೇಳಿದಾಗ, ನನ್ನ ಗೆಳೆಯನೊಬ್ಬ ಕೇಳುತ್ತಿದ್ದ ಎಂದು ಶುರುಮಾಡಿದ್ದರೆ, ಯಾವ ಗೆಳೆಯ, ಈಗೆಲ್ಲಿದ್ದಾನೆ ಎಂದು ಕೇಳುತ್ತಿದ್ದರು. ಅದಕ್ಕೆ ಹೆದರಿ ನನ್ನದು ಮಾಡಿಕೊಂಡೆ. ಎಲ್ಲರೂ ಹೊಗಳಿದರು, ನನಗೆ ಹಿತವೂ ಆಯಿತು. ನಿನಗೂ ಹಾಗೆಯೇ ಬರೆದೆ.

ನಿನ್ನೆ ಸಂಜೆ ಬರಾಕಿನಲ್ಲಿ ಹೇಳಿದೆ. ಆ ಮಾತು ಬೀರಣ್ಣನದು, ನಾನು ಇಲ್ಲಿಗೆ ಬಂದದ್ದು ಅವನ ಸಲುವಾಗಿ ಎಂದು. ಶರೀಫಸಾಬರು ಹೊದಿಕೆ ಮುಖದ ಮೇಲೆ ಎಳೆದುಕೊಂಡು ಮಲಗಿದರು.

ಕಟ್ಟೆಯಲ್ಲಿ ಓದಬಹುದಾದರೆ ಇಲ್ಲಿಂದ ಮುಂದೆ ಓದು. ಶಂಕ್ರಮ್ಮ ಚಿಗವ್ವ ಬಂದರೆ ಮಾತ್ರ.

ಬೀರಣ್ಣನಿಗೆ ಮದುವೆಯ ಅಧ್ಯಾಯ ಬಂದರೆ ನಿದ್ದೆ. ನನ್ನ ಹೆಗಲಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದ. ಆನೆಯೋ ಕುದುರೆಯೋ ಬಂದರೆ ಎಚ್ಚರ. ಒಂದು ಪುಸ್ತಕದಲ್ಲಿ ದಂಡು ಬೇಸಿಗೆಯಲ್ಲಿ ಹೊಳೆ ದಾಟಿ ಬರುತ್ತದೆ, ಐವತ್ತು ಸಾವಿರ ಕುದುರೆ. "ಬ್ಯಾಸಗ್ಯಾಗ ನನ್ನ ಎಂಬತ್ತು ಕುರಿಗಿ ಹಸಿ ಮೇವು ಸಿಗೂದಿಲ್ಲ, ಐವತ್ತು ಸಾವಿರ ಕುದರಿಗಿ ಎಲ್ಲಿಂದ ತಂದ್ರಲೇ? ಇಂವ ಬರದವ ಒಂದ ದಿನಾನೂ ದನಾ ಕಾದಿಲ್ಲ" ಅಂದಿದ್ದ. ಆ ಪುಸ್ತಕ ಅವನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ನಾನು ಪುಸ್ತಕವನ್ನು ನಿಮ್ಮೆಲ್ಲರಿಗಿಂತ ಹೆಚ್ಚು ಅವನ ಸಲುವಾಗಿ ಓದುತ್ತಿದ್ದೆ. ಅವನು ಏನನ್ನುತ್ತಾನೆಂದು ಕಾಯುತ್ತಿದ್ದೆ.

ಶಿವರಾತ್ರಿಯ ಮುಂಚಿನ ಆ ಮಧ್ಯಾಹ್ನ ಅವನ ಕುರಿ ನಮ್ಮ ಗದ್ದೆಗೆ ಇಳಿದಿದ್ದವು. ನೆಲ್ಲು ತೆನೆ ಕಟ್ಟಿತ್ತು. ಅವನು ಕಾಲುವೆಯ ಏರಿಯ ಮೇಲೆ ಮಲಗಿದ್ದ. ನಾನು ಕೂಗಿ ಎಬ್ಬಿಸಿದೆ, ಬೈದೆ. ಅವನು ನಗುತ್ತಲೇ "ತಿನ್ನಲಿ ಬಿಡೋ, ಎಷ್ಟ ತಿಂತಾವ" ಅಂದ. ಆ ನಗೆಗೆ ನನಗೆ ತಲೆ ಕೆಟ್ಟಿತು. ಎರಡೂ ಕೈಯಿಂದ ಎದೆಗೆ ನೂಕಿದೆ. ಹಿಂದಕ್ಕೆ ಬಿದ್ದ. ತೂಬಿನ ಕಾಂಕ್ರೀಟಿಗೆ ತಲೆ ಬಡಿಯಿತು. ಏಳೋ ಬೀರಣ್ಣ ಅಂದೆ. ಹೊತ್ತುಕೊಂಡು ರಸ್ತೆಯ ತನಕ ಓಡಿದೆ. ಸುರಪುರ ತಲುಪುವ ಮೊದಲೇ, ಟಂಟಂ ಗಾಡಿಯಲ್ಲಿ, ನನ್ನ ತೊಡೆಯ ಮೇಲೆ ಬೀರಣ್ಣ ಸತ್ತ.

ಸಂಗಣ್ಣ

*

ಬೋನಾಳ
4 ಸೆಪ್ಟೆಂಬರ್ 2024

ಸಂಗಣ್ಣ,

ನಿನ್ನ ಪತ್ರ ಅಮಾವಾಸ್ಯೆಯ ಹಿಂದಿನ ಶನಿವಾರ ಬಂತು. ಓದಿ, ಮುಖ ತೊಳೆದುಕೊಂಡು, ನೆಟ್ಟಗೆ ಶಂಕ್ರಮ್ಮನ ಹಟ್ಟಿಗೆ ಹೋದೆ. ಎರಡು ವರ್ಷದ ಮೇಲೆ ಆ ಅಂಗಳದಲ್ಲಿ ಕಾಲಿಟ್ಟೆ. ಅವಳು ಉಣ್ಣೆ ಹಿಂಜುತ್ತಿದ್ದಳು, ತಲೆ ಎತ್ತಲಿಲ್ಲ. "ನನ್ನ ಮಗ ಹೆಸರು ಹಿಡದು ಬರದಾನ. ಸೋಮಾರ ಮಂಗಲಕ್ಕ ಓದಬೇಕಂತ ಮಾಡೀನಿ. ನೀ ಬಂದ್ರ ಓದ್ತೀನಿ, ಇಲ್ಲಂದ್ರ ಒಲಿಗಿ ಹಾಕ್ತೀನಿ" ಅಂದೆ. ಅವಳು ಇನ್ನೊಂದು ಹಿಡಿ ಉಣ್ಣೆ ತೆಗೆದುಕೊಂಡಳು. ಬಂದುಬಿಟ್ಟೆ.

ಸೋಮವಾರ ಸಂಜೆ ಕಂಬಳಿ ಹಾಸಿತ್ತು. ನಾನು ಹೋಗುವುದಕ್ಕೆ ಮೊದಲೇ ಬಂದು ಹಾಸಿ ಕೂತಿದ್ದಳು. ಬೇವಿನ ಬುಡಕ್ಕಲ್ಲ, ನನ್ನ ಎದುರಿಗೆ, ಸೂಗಪ್ಪನ ಜಾಗದಲ್ಲಿ. ಸೂಗಪ್ಪ ಹಿಂದೆ ಸರಿದು ಕೂತಿದ್ದ.

ಕೋಟೆ ಬಿದ್ದ ಕೊನೆಯ ಅಧ್ಯಾಯ ಮೊದಲು ಓದಿ ಮುಗಿಸಿದೆ. ಆಮೇಲೆ ನಿನ್ನ ಪತ್ರ. ಗೊರಕೆಯ ಮಾತಿಗೆ ನಾಲ್ಕು ಜನ ನಕ್ಕರು, ನಕ್ಕು ಹೆದರಿ ಅವಳ ಕಡೆ ನೋಡಿದರು. ಅವಳೂ ತುಸು ನಕ್ಕಿದ್ದಳು. ಐವತ್ತು ಸಾವಿರ ಕುದುರೆಯ ಮಾತಿಗೆ "ಹೌದು, ಹಂಗ ಅಂತಿದ್ದ" ಅಂದಳು. ಕಾಲುವೆಯ ಮಾತು ಬಂದಾಗ ಕಣ್ಣು ಮುಚ್ಚಿದಳು. ನಾನು ಬಿಡದೆ ಓದಿದೆ. ನನ್ನ ತೊಡೆಯ ಮೇಲೆ ಬೀರಣ್ಣ ಸತ್ತ. ಅಲ್ಲಿಗೆ ನಿಲ್ಲಿಸಿದೆ.

"ಮುಂದ?" ಅಂದಳು.

"ಮುಂದ ಇಲ್ಲ. ಅಲ್ಲಿಗೇ ಮುಗಿಸ್ಯಾನ."

"ಸಾವಿಗಿ ನಿಂದರಸಬಾರ್ದು ಮೌನಮ್ಮ. ಕಟ್ಟಿ ನೇಮ."

ನಾನು ಕಾಗದ ತಿರುಗಿಸಿ ನೋಡಿದೆ, ಹಿಂದೆ ಏನೂ ಇಲ್ಲ. ಆಗ ಅವಳೇ ಮಾತಾಡಿದಳು. ಪುಸ್ತಕ ಓದುವವರ ಹಾಗೆ, ನಿಧಾನಕ್ಕೆ, ಎಲ್ಲರಿಗೂ ಕೇಳುವಂತೆ.

"ಮುಂದಿಂದು ನಾ ಹೇಳ್ತೀನಿ. ಅವನ್ನ ಹೊತ್ಕೊಂಡು ನಿನ್ನ ಮಗ ಸುರಪುರಕ್ಕ ಹೋದ. ಊರ ಮಂದೆಲ್ಲಾ ಅವರ ಹಿಂದ ಓಡಿತು. ಕುರಿ ಹೊಡಿಯಾಕ ಯಾರೂ ಉಳಿಲಿಲ್ಲ. ಹೊತ್ತು ಮುಣಗೂತನ ನಿಮ್ಮ ಗದ್ದ್ಯಾಗ ಮೇದ್ವು. ಯಾವ ನೆಲ್ಲಿನ ಸಲುವಾಗಿ ನೂಕಿದನೋ ಅದನ್ನ ಹೊಟ್ಟಿ ಬಿರಿಯೂತನ ತಿಂದ್ವು. ಕತ್ತಲಾದ ಮ್ಯಾಲ ತಾವ ಸಾಲು ಹಿಡದು ಮನಿಗಿ ಬಂದ್ವು. ಹಟ್ಟ್ಯಾಗಿದ್ದ ನನಗ ಇನ್ನೂ ಯಾರೂ ಹೇಳಿರಲಿಲ್ಲ. ಇವತ್ತ ಬೀರಣ್ಣ ಎಲ್ಲಿ ಮೇಯಿಸ್ಯಾನೋ ಏನೋ, ಎಷ್ಟ ಛಲೋ ಹೊಟ್ಟಿ ತುಂಬ್ಯಾವ ಅಂತ ಒಂದೊಂದರ ಬೆನ್ನ ಮ್ಯಾಲ ಕೈ ಆಡಿಸಿದೆ. ಖುಷಿ ಆಗಿತ್ತು ನನಗ."

ಖಾಜಾಮಿಯಾ ಟೋಪಿ ತೆಗೆದು ಕಣ್ಣಿಗೆ ಒತ್ತಿಕೊಂಡ. ನನಗೆ ಆ ವರ್ಷದ ಗದ್ದೆ ನೆನಪಾಯಿತು. ಅರ್ಧ ಬೆಳೆ ಹೋಗಿತ್ತು. ಯಾಕೆ ಹೋಯಿತೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಎಷ್ಟ ತಿಂತಾವ" ಎಂದು ನಕ್ಕಿದ್ದನಲ್ಲ ಅವನು. ಅಷ್ಟೂ ತಿಂದವು.

ಅವಳು ಎದ್ದು ನಿಂತಳು. "ಇದನ್ನ ಅವನಿಗಿ ಬರಿ. ತನ್ನ ಮಂದಿ ಮುಂದ ಓದಲಿ. ಬೀರಣ್ಣ ಕೇಳಿದ್ದಕ್ಕ ಅವನವ್ವ ಹಿಂಗ ಹೇಳ್ಯಾಳ ಅಂತ ಹೆಸರು ಹಿಡದು ಓದಲಿ."

ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಕೇಳುವುದಿಲ್ಲ ಎಂದು ನಿನಗೆ ಬರೆದಿದ್ದೆ, ಬಾಯಿ ಕೇಳಲಿಲ್ಲ. "ಅವ ಊರಿಗಿ ಬರೂದಕ್ಕ?"

"ಬ್ಯಾಡ" ಅಂದಳು. "ಕುದರಿ ಮಾತಿನ ಸಿಟ್ಟಿಗಿ ಬ್ಯಾಡ ಅಂದೀನಿ ಅಂತ ತಿಳಕೋಬ್ಯಾಡ. ಅದಕ್ಕೂ ಮದ್ಲ ಬ್ಯಾಡ ಇತ್ತು, ಮುಂದಿನ ವರ್ಷ ಕೇಳಿದ್ರೂ ಬ್ಯಾಡ ಅಂತೀನಿ. ನಿನ್ನ ಮಗ ಈ ದಾರಿ ಹಿಡದು ನಡದು ಬರೂದು ನೋಡಿದ್ರ, ಅವನ ಹಿಂದ ನನ್ನ ಮಗ ಬರ್ತಾನೇನೋ ಅಂತ ನೋಡ್ಕೋತ ನಿಂದರ್ತೀನಿ. ಅವರಿಬ್ಬರೂ ಯಾವಾಗಲೂ ಕೂಡೇ ಬರ್ತಿದ್ರಲ್ಲ."

ನೀನು ಬರುತ್ತೀಯೆಂದು ಇಟ್ಟಿದ್ದ ಎಳ್ಳುಂಡಿಯ ಡಬ್ಬಿಯನ್ನು ನಿನ್ನೆ ಅವಳ ಮನೆಗೆ ಒಯ್ದು ಕೊಟ್ಟೆ. ತೆಗೆದುಕೊಂಡಳು.

ಆ ಸೋಮವಾರ ಕಂಬಳಿಯನ್ನು ಅವಳೇ ಮಡಿಚಿದಳು. ನಾಲ್ಕು ಮಡಿಕೆ ಮಾಡಿ, ನೇಮದ ಪ್ರಕಾರ ಹಣೆಗೆ ಒತ್ತಿ, ಹೆಗಲ ಮೇಲೆ ಹಾಕಿಕೊಂಡು ಹಟ್ಟಿಯ ಕಡೆ ಹೋದಳು. ಆಗ ಕುರಿ ಮನೆಗೆ ಬರುವ ಹೊತ್ತು.

ಇದನ್ನು ಅಲ್ಲಿ ಓದು. ಶರೀಫಸಾಬರಿಗೂ ಕೇಳುವಂತೆ ಗಟ್ಟಿಯಾಗಿ ಓದು.

ನಿನ್ನ ಅವ್ವ,
ಮೌನಮ್ಮ